ಸೋಮವಾರದ ಮೊದಲ ಡ್ಯೂಟಿಗೆ ಮುಂಚೆ

ಹೊರದೇಶದ ವೈದ್ಯರು ಬರೆಯುವ ಪ್ಲ್ಯಾಬ್ ಪರೀಕ್ಷೆ ಪಾಸಾಗಿ, ಬ್ರಿಟನ್ನಿನ ವೈದ್ಯರ ಮಂಡಳಿ ಜಿಎಂಸಿಯಲ್ಲಿ ನೋಂದಣಿ ಮುಗಿಸಿ, ಇಂಗ್ಲೆಂಡಿಗೆ ಬಂದು ಮೂರು ವಾರ ಆಯಿತು, ಸೋಮವಾರದಿಂದ ಎಮರ್ಜೆನ್ಸಿ ವಿಭಾಗದಲ್ಲಿ ಡ್ಯೂಟಿ ಅಂತ ಬರೆದಿದ್ದೀರಿ. ಇಲ್ಲಿನ ಕೆಲಸ ನಿಮ್ಮ ಕೈಲಿ ಆಗುತ್ತದಾ ಅನ್ನೋದು ನಿಮ್ಮ ಪ್ರಶ್ನೆ. ಆಗುತ್ತದೆ. ಹದಿನಾಲ್ಕು ವರ್ಷದಿಂದ ಇದೇ ಕೆಲಸದಲ್ಲಿರುವವನ ಮಾತು ನಂಬಿ. ಸೂಜಿ ಹಾಕೋದು, ಹೊಲಿಗೆ ಹಾಕೋದು ನಿಮಗೆ ಇಲ್ಲಿನ ಹುಡುಗರಿಗಿಂತ ಜಾಸ್ತಿ ಬರುತ್ತದೆ. ಎಡವೋದು ಮಾತಿನಲ್ಲಿ.

ನನ್ನ ಎರಡನೇ ವಾರ. ಎಪ್ಪತ್ತು ದಾಟಿದ ಅಜ್ಜ ಒಬ್ಬರು ಕುರ್ಚಿಯಲ್ಲಿ ಕೂತಿದ್ದರು. "ಎದೆ ಸ್ವಲ್ಪ ಬಿಗಿ ಅಷ್ಟೇ. ಸುಮ್ನೆ ನಿಮಗೆ ತೊಂದರೆ ಕೊಡ್ತಿದ್ದೀನೇನೋ" ಅಂದರು. ನೋವು ಹತ್ತಕ್ಕೆ ಎಷ್ಟು ಅಂದೆ. "ಮೂರು ಇರಬಹುದು." ನಾನು ಮೂರು ಅಂತಲೇ ಬರೆದುಕೊಂಡೆ. ಯಾರನ್ನು ಮೊದಲು ನೋಡಬೇಕು ಅಂತ ವಿಂಗಡಿಸುವ ಟ್ರಯಾಜ್ ನರ್ಸ್ ಮಾತಾಡದೆ ಇಸಿಜಿ ಕಾಗದ ಕೈಗಿತ್ತರು. ಹೃದಯದ ಕೆಳಭಾಗ ತೋರಿಸುವ ಮೂರೂ ಲೀಡ್‌ಗಳಲ್ಲಿ ಎಸ್‌ಟಿ ಗೆರೆ ಎದ್ದು ನಿಂತಿತ್ತು, ಅಂದರೆ ಹೃದಯಾಘಾತ! ಆಗ ತಿರುಗಿ ನೋಡಿದರೆ ಅಜ್ಜನ ಅಂಗಿ ಬೆವರಿಗೆ ಬೆನ್ನಿಗೆ ಅಂಟಿಕೊಂಡಿದೆ. ಕಟ್ಟಿಕೊಂಡ ಹೃದಯದ ರಕ್ತನಾಳ ತೆರೆಯುವ ಕ್ಯಾಥ್ ಲ್ಯಾಬಿಗೆ ಸೀದಾ ಕಳಿಸಿದೆವು. ಇಲ್ಲಿ ಹಿರಿಯರು "ಪರವಾಗಿಲ್ಲ" ಅಂದರೆ ಎರಡು ಸಲ ನೋಡಿ.

ಎರಡನೇದು, ವಿಭಾಗದ ಹಿರಿಯ ತಜ್ಞ ವೈದ್ಯರಾದ ಕನ್ಸಲ್ಟೆಂಟನ್ನೂ ಹೆಸರು ಹಿಡಿದೇ ಕರೀಬೇಕು. ನನಗೆ ವರ್ಷಗಟ್ಟಲೆ "ಸರ್" ಬಾಯಿಗೆ ಬಂದೇ ಬಿಡುತ್ತಿತ್ತು. ನಗುತ್ತಾರೆ, ಬಿಡಿ. ಆದರೆ ಅದೇ ಸಂಕೋಚದಲ್ಲಿ ರಾತ್ರಿ ಮೂರಕ್ಕೆ ಸೀನಿಯರ್‌ನ ಕರೆಯದೆ ಕೂತರೆ ಮಾತ್ರ ತಪ್ಪು. ಗೊತ್ತಿಲ್ಲ ಅಂತ ಕೇಳಿದವರನ್ನು ಇಲ್ಲಿ ಯಾರೂ ಕೀಳಾಗಿ ನೋಡೋದಿಲ್ಲ. ಕೇಳದೆ ಮನೆಗೆ ಕಳಿಸಿದವರನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ.

ಕೆಂಪು ಫೋನ್ ಬಡಿದುಕೊಂಡರೆ ಗಾಬರಿ ಬೀಳಬೇಡಿ. ಗಂಭೀರ ರೋಗಿ ಬರ್ತಿದ್ದಾರೆ ಅಂತ ಆಂಬ್ಯುಲೆನ್ಸಿನವರು ದಾರಿಯಿಂದಲೇ ಹೇಳುವ ಕರೆ ಅದು. ಬರುವಷ್ಟರಲ್ಲಿ ಉಸಿರಾಟದ ದಾರಿ ನೋಡೋದು ಯಾರು, ರಕ್ತನಾಳಕ್ಕೆ ಸೂಜಿ ಹಾಕೋದು ಯಾರು, ಬರೆಯೋದು ಯಾರು ಅಂತ ಹಂಚಿಕೆ ಆಗಿರುತ್ತದೆ. ಆಂಬ್ಯುಲೆನ್ಸಿನ ಪ್ಯಾರಾಮೆಡಿಕ್ ವರದಿ ಒಪ್ಪಿಸುವ ಆ ಅರ್ಧ ನಿಮಿಷ ಎಲ್ಲರೂ ಕೈಕಟ್ಟಿ ಕೇಳುತ್ತಾರೆ. ಎದೆ ಬಡಿತ ನಿಂತಿದ್ದರೆ ಮಾತು ಬೇರೆ. ಮೊದಲ ಸಲ ಆ ಮೌನ ನೋಡಿ ನನಗೆ ಕೈ ತುರಿಸಿತ್ತು.

ಇನ್ನು ನಾಲ್ಕು ಗಂಟೆಯ ಗುರಿ. ಬಂದವರನ್ನು ಅಷ್ಟರೊಳಗೆ ವಾರ್ಡಿಗೆ ಸೇರಿಸಬೇಕು, ಬೇರೆಡೆಗೆ ಕಳಿಸಬೇಕು, ಇಲ್ಲ ಮನೆಗೆ ಬಿಡಬೇಕು. ನೂರಕ್ಕೆ 95 ಮಂದಿಗೆ ಅನ್ನೋದು ಲೆಕ್ಕ. ಇಂಗ್ಲೆಂಡ್ ಒಟ್ಟಾರೆ ಅದನ್ನು ಮುಟ್ಟಿದ್ದು 2015ರಲ್ಲೇ ಕೊನೆ. ವಾರ್ಡಲ್ಲಿ ಹಾಸಿಗೆ ಖಾಲಿ ಇಲ್ಲದೆ ಟ್ರಾಲಿಗಳು ಕಾರಿಡಾರಲ್ಲೇ ನಿಂತಿರುತ್ತವೆ. ಬೈಗುಳ ನಿಮಗೆ ಬೀಳುತ್ತದೆ, ತಪ್ಪು ನಿಮ್ಮದಲ್ಲ.

ಮುಂದೆ ಎಮರ್ಜೆನ್ಸಿ ವೈದ್ಯಕೀಯದಲ್ಲೇ ಉಳಿಯೋದಾ ಅಂತ ಈಗಲೇ ತೀರ್ಮಾನ ಬೇಡ. ಭಾರತದಲ್ಲಿ ಇದು ಬೇರೆಯೇ ವಿಭಾಗ ಅಂತ ಒಪ್ಪಿಗೆ ಸಿಕ್ಕಿದ್ದೇ 2009ರಲ್ಲಿ. ಇಲ್ಲಿನವರು 1967ರಲ್ಲೇ ಸಂಘ ಕಟ್ಟಿಕೊಂಡಿದ್ದರು. ಪೂರ್ತಿ ತರಬೇತಿ ಆರು ವರ್ಷ, ವಾರಾಂತ್ಯ ಅರ್ಧಕ್ಕರ್ಧ ಹೋಗುತ್ತದೆ. ಒಂದು ಚಳಿಗಾಲ ಕಳೆದ ಮೇಲೆ ಯೋಚಿಸಿ. ರಾತ್ರಿ ಪಾಳಿ ಮುಗಿಸಿ ಕಾರು ಮಾತ್ರ ಓಡಿಸಬೇಡಿ.

ಹಾಂ, ಸೋಮವಾರ ಕೈಗಡಿಯಾರ ಮನೇಲೇ ಬಿಡಿ. ಮೊಣಕೈ ಕೆಳಗೆ ಏನೂ ಇರಬಾರದು ಅನ್ನೋದು ಇಲ್ಲಿನ ನಿಯಮ. ನಾನು ಮೊದಲ ದಿನವೇ ಕಟ್ಟಿಕೊಂಡು ಹೋಗಿ ನರ್ಸಮ್ಮನ ಹತ್ತಿರ ಬೈಸಿಕೊಂಡಿದ್ದೆ.