ಮಾನಕಕ್ಕೆ ಆಕ್ಷೇಪಣೆ ಬರೆಯುವುದು ಹೇಗೆ?

ಪ್ರಶ್ನೆ: ಶಕ್ತಿನಗರದ ವಿದ್ಯುತ್ ಸ್ಥಾವರದ ಹಾರುಬೂದಿ ತಂದು ಇಟ್ಟಂಗಿ ಮಾಡುವವರು ನಾವು ಹದಿನೈದು ಮಂದಿ ಇದ್ದೇವೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನಕದ ನೀರು ಹೀರುವ ಪರೀಕ್ಷೆಯನ್ನು ಇಲ್ಲಿಯ ಬೇಸಿಗೆಯಲ್ಲಿ ಬರೆದಂತೆಯೇ ಮಾಡಲು ಆಗುತ್ತಿಲ್ಲ. ಎಲ್ಲರೂ ಸಹಿ ಹಾಕಿ ಮನವಿ ಕಳಿಸಿದರೆ ಸಾಕೇ?
– ಓದುಗರೊಬ್ಬರು, ರಾಯಚೂರು

ಉತ್ತರ: ಸಾಲದು. ಮಾನಕ ಸಮಿತಿ ಸಹಿ ಎಣಿಸುವುದಿಲ್ಲ, ಕಾರಣ ನೋಡುತ್ತದೆ. ಒಂದೇ ಒಕ್ಕಣೆಯ ಹದಿನೈದು ಪತ್ರ ಹೋದರೂ ಅಲ್ಲಿ ಅದು ಒಂದೇ ಅಂಶ.

ಮೊದಲು ನಿಮ್ಮಲ್ಲಿ ಸುಣ್ಣ ಹಾಕುವವರು ಯಾರು, ಸಿಮೆಂಟ್ ಹಾಕುವವರು ಯಾರು ಎಂದು ಬೇರೆ ಮಾಡಿಕೊಳ್ಳಿ. ಸುಣ್ಣದ ಇಟ್ಟಿಗೆಗೆ ಐಎಸ್ 12894 ಎಂಬ ಮಾನಕ, ಸಿಮೆಂಟಿನದಕ್ಕೆ ಐಎಸ್ 16720. ಎರಡನ್ನೂ ಕಲಸಿ ಬರೆದ ಅಭಿಪ್ರಾಯ ಯಾವ ಕಡೆಗೂ ಸಲ್ಲುವುದಿಲ್ಲ. ಮಾನಕಗಳು ಬಿಐಎಸ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ತಿದ್ದುಪಡಿ ಹಾಳೆಗಳನ್ನೂ ಇಳಿಸಿಕೊಳ್ಳಿ, ನೀವು ಕೇಳುವ ಬದಲಾವಣೆ ಆಗಲೇ ಬಂದಿರಬಹುದು.

ಮಾನಕ ಇಂಗ್ಲಿಷಿನಲ್ಲಿದೆ. ನಿಮಗೆ ಸಂಬಂಧಿಸಿದ ನಾಲ್ಕೈದು ಕಲಂಗಳನ್ನಷ್ಟೇ ಕನ್ನಡಕ್ಕೆ ಇಳಿಸಿ, ಕಲಂಗೆ ಒಂದು ಹಾಳೆಯಂತೆ ಸದಸ್ಯರಿಗೆ ಹಂಚಿ. ಒಟ್ಟಿಗೆ ಕೂರಿಸಿ ಕೇಳಿದರೆ ದೊಡ್ಡ ಘಟಕದವರ ಮಾತೇ ಎಲ್ಲರ ಮಾತಾಗಿಬಿಡುತ್ತದೆ. ಅಚ್ಚು ಹಾಕುವವರನ್ನೂ ಗೌಂಡಿಗಳನ್ನೂ ಬೇರೆಯಾಗಿ ಕೇಳಿ ಬರೆದುಕೊಳ್ಳಿ. ಇಟ್ಟಿಗೆ ಎಲ್ಲಿ ಬಿರಿಯುತ್ತದೆ ಎಂದು ಬಲ್ಲವರು ಅವರೇ.

ಇನ್ನು ನಿಮ್ಮ ಪರೀಕ್ಷೆಯ ವಿಷಯ. ಇಟ್ಟಿಗೆಯನ್ನು 105ರಿಂದ 115 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ, ಪೂರ್ತಿ ಆರಿದ ಮೇಲೆ ತೂಗಿ, 27±2 ಡಿಗ್ರಿ ನೀರಿನಲ್ಲಿ 24 ತಾಸು ಮುಳುಗಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಹೊರತೆಗೆದ 3 ನಿಮಿಷದೊಳಗೆ ಮತ್ತೆ ತೂಗಬೇಕು. ಏಪ್ರಿಲ್‌ನಲ್ಲಿ ಬಯಲಲ್ಲಿಟ್ಟ ತೊಟ್ಟಿಯ ನೀರು 27ಕ್ಕೆ ನಿಲ್ಲುವುದಿಲ್ಲ, ನಿಜ. ಆದರೆ ‘ಕಷ್ಟ, ಸಡಿಲಿಸಿ’ ಎಂದಷ್ಟೇ ಬರೆದರೆ ಕೆಲಸವಾಗದು. ಒಂದೇ ದಿನದ ಅಚ್ಚಿನಿಂದ ಹತ್ತು ಇಟ್ಟಿಗೆ ತೆಗೆದು, ಐದನ್ನು 27 ಡಿಗ್ರಿಯಲ್ಲಿ, ಐದನ್ನು ಬಯಲಿನ ತೊಟ್ಟಿಯಲ್ಲಿ ಇಡಿ. ನೀರಿನ ಉಷ್ಣತೆಯನ್ನು ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಬರೆದಿಡಿ. ಇದನ್ನು ಮೂರ್ನಾಲ್ಕು ಘಟಕಗಳಲ್ಲಿ ಮಾಡಿ. ಇಟ್ಟಿಗೆ ಹೀರಿದ ನೀರಿನ ಶೇಕಡಾವಾರು ಎರಡೂ ಕಡೆ ಒಂದೇ ಬಂದರೆ ನಿಮ್ಮ ಬೇಡಿಕೆಗೆ ಬಲ ಬರುತ್ತದೆ. ವ್ಯತ್ಯಾಸ ಬಂದರೆ ಮಾನಕವೇ ಸರಿ, ತೊಟ್ಟಿಯನ್ನು ನೆರಳಿಗೆ ತನ್ನಿ.

ಕಳಿಸುವಾಗ ಒಂದು ಅಂಶಕ್ಕೆ ಒಂದು ಸಾಲು: ಕಲಂ ಸಂಖ್ಯೆ, ಅಭಿಪ್ರಾಯ ತಾಂತ್ರಿಕವೋ ಭಾಷೆಯದೋ, ಈಗಿರುವ ಒಕ್ಕಣೆ, ನೀವು ಸೂಚಿಸುವ ಒಕ್ಕಣೆ, ಕಾರಣ. ಹೆಚ್ಚಿನವರು ನಾಲ್ಕನೆಯದನ್ನು ಖಾಲಿ ಬಿಡುತ್ತಾರೆ, ಅಲ್ಲೇ ಸೋಲುವುದು. ಅಳತೆಗಳ ಪಟ್ಟಿ ಜೊತೆಗಿರಲಿ.

ಪ್ರಶ್ನೆ: ಮಾನಕದ ಕರಡಿಗೆ ಅಭಿಪ್ರಾಯ ಕಳಿಸುವ ಕೊನೆಯ ದಿನಾಂಕ ದಾಟಿದರೆ?
– ಇನ್ನೊಬ್ಬರು, ಸಿಂಧನೂರು

ಉತ್ತರ: ಆ ದಿನಾಂಕ ಕರಡಿನ ಮೊದಲ ಪುಟಗಳಲ್ಲೇ ಇರುತ್ತದೆ, ಮೊದಲು ಅದನ್ನೇ ನೋಡಬೇಕು. ದಾಟಿದರೂ ಬಾಗಿಲು ಮುಚ್ಚಿಲ್ಲ. ಪ್ರಕಟವಾದ ಮಾನಕಕ್ಕೂ ತಿದ್ದುಪಡಿ ಸೂಚಿಸಬಹುದು. ಪ್ರತಿ ಮಾನಕವನ್ನೂ ಕನಿಷ್ಠ 5 ವರ್ಷಕ್ಕೊಮ್ಮೆ ಮರುಪರಿಶೀಲಿಸಬೇಕೆಂಬ ನಿಯಮವಿದೆ. ಅಳತೆಯ ಪುಸ್ತಕವನ್ನು ಅಲ್ಲಿಯವರೆಗೆ ಜೋಪಾನವಾಗಿಡಿ.