ಕಾಡು ಬರೀ ಹಿನ್ನೆಲೆಯಾಗಿ ಉಳಿಯದಂತೆ ಬರೆಯುವುದು

ಹದಿಹರೆಯದವರಿಗಾಗಿ ನೀವು ಬರೆಯುತ್ತಿರುವ ಕಾದಂಬರಿಯಲ್ಲಿ ಮಾಟಗಾತಿಯರು ಚೆನ್ನಾಗಿ ಮೂಡಿಬಂದಿದ್ದರೂ ಅವರ ಕಾಡು ನಾಟಕದ ಪರದೆಯಂತೆ ಹಿಂದೆಯೇ ಉಳಿದಿದೆ, ಅದನ್ನು ನಿಗೂಢವಾಗಿಸುವುದು ಹೇಗೆ ಎಂದು ಕೇಳಿದ್ದೀರಿ. ಮಂತ್ರಗಳನ್ನು ಹೆಚ್ಚಿಸುವುದಕ್ಕಿಂತ, ನಿಜವಾದ ಕಾಡು ಮನುಷ್ಯರನ್ನು ಹೇಗೆ ದಿಕ್ಕುತಪ್ಪಿಸುತ್ತದೆ ಎಂಬುದರಿಂದ ಆರಂಭಿಸುವುದು ಒಳ್ಳೆಯದು.

2009ರಲ್ಲಿ ಪ್ರಕಟವಾದ ಸಂಶೋಧನೆಯೊಂದಕ್ಕಾಗಿ ಜರ್ಮನಿಯ ಕಾಡಿನಲ್ಲಿ ಕೆಲವರನ್ನು ನೇರವಾಗಿ ನಡೆಯುವಂತೆ ಕೇಳಿಕೊಳ್ಳಲಾಗಿತ್ತು. ಸೂರ್ಯ ಕಾಣುತ್ತಿದ್ದಾಗ ನಡೆದವರು ಬಹುಮಟ್ಟಿಗೆ ನೇರವಾಗಿಯೇ ಸಾಗಿದರೆ, ಮೋಡ ಕವಿದಿದ್ದಾಗ ನಡೆದವರು ತಮಗೆ ಅರಿವಿಲ್ಲದೆಯೇ ಸುತ್ತುಹಾಕಿದರು; ಅವರಲ್ಲಿ ಹೆಚ್ಚಿನವರು ತಾವು ಬಂದ ಹಾದಿಯನ್ನೇ ಮತ್ತೆ ದಾಟಿದರು. ಇಲ್ಲಿಯವರೆಗೆ ಮಾಯೆಯೇನೂ ಇಲ್ಲ. ನಿಮ್ಮ ನಾಯಕಿ ಗುರುತಿಗೆಂದು ಕೊಂಬೆಗೆ ಕಟ್ಟಿದ ದಾರ ಮತ್ತೆ ಎದುರಾಗಲಿ. ಆದರೆ ಅದರ ಗಂಟು ಅವಳು ಹಾಕಿದ್ದಲ್ಲ ಎಂಬುದು ಬೆರಳಿಗೆ ತಾಕಿದಾಗ ತಿಳಿಯಲಿ. ಓದುಗರು ಮೊದಲ ಭಾಗವನ್ನು ನಂಬಿರುವುದರಿಂದಲೇ ಎರಡನೆಯದಕ್ಕೆ ಬೆಚ್ಚುತ್ತಾರೆ.

ಬೆಳಕಿನ ವಿಷಯದಲ್ಲೂ ಇದೇ ದಾರಿ ಹಿಡಿಯಬಹುದು. ಕೊಳೆಯುವ ಮರದಲ್ಲಿ ಬೆಳೆಯುವ ಕೆಲವು ಶಿಲೀಂಧ್ರಗಳು ಮಂದವಾದ ಹಸಿರು ಬೆಳಕನ್ನು ಸೂಸುತ್ತವೆ; ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲಷ್ಟೇ ಅದು ಕಾಣುತ್ತದೆ, ದೀಪ ಹಚ್ಚಿದರೆ ಮರೆಯಾಗುತ್ತದೆ. ಹಾಗಾಗಿ ನಿಮ್ಮ ಮಾಟಗಾತಿಯರು ದೀಪವಿಲ್ಲದೆ ಈ ಬೆಳಕಿನ ಜಾಡು ಹಿಡಿದೇ ಓಡಾಡುವವರಾದರೆ, ಲಾಂದ್ರ ಹಿಡಿದು ಅವರನ್ನು ಹುಡುಕಿಕೊಂಡು ಬರುವ ಊರಿನವರಿಗೆ ಆ ದಾರಿ ಎಂದೂ ಕಾಣದು. ಇದಕ್ಕೆ ಯಾವ ಮಂತ್ರವೂ ಬೇಕಿಲ್ಲ.

ಮಂಜು, ಗೂಬೆಯ ಕೂಗು, ಪೊದೆಯಲ್ಲಿ ಹೊಳೆಯುವ ಕಣ್ಣುಗಳನ್ನು ಆದಷ್ಟು ಕೈಬಿಡಿ, ಅವು ಸವೆದುಹೋಗಿವೆ. ಕಾಡಿಗೊಂದು ನಿಯಮವಿರಲಿ, ಅದನ್ನು ಯಾರೂ ಬಾಯಿಬಿಟ್ಟು ವಿವರಿಸದಿರಲಿ; ನಾಯಕಿ ಅದನ್ನು ಮುರಿದು ಏನನ್ನಾದರೂ ಕಳೆದುಕೊಂಡಾಗಲೇ ಓದುಗರಿಗೂ ಅದು ತಿಳಿಯಲಿ.