ಮಾಂಸವಿಲ್ಲದ ಗಂಬೋ ತೆಳ್ಳಗಾಗದಂತೆ ಮಾಡುವುದು ಹೇಗೆ?

ಈ ಬಾರಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಅಮೆರಿಕದ ಲೂಯಿಸಿಯಾನ ರಾಜ್ಯದ ಕ್ರಿಯೋಲ್ (ಫ್ರೆಂಚ್, ಸ್ಪ್ಯಾನಿಷ್, ಆಫ್ರಿಕನ್ ಪದ್ಧತಿಗಳು ಬೆರೆತ) ಅಡುಗೆಯಾದ, ಅನ್ನದೊಡನೆ ಉಣ್ಣುವ ಮಂದ ಸಾರಿನಂಥ ಗಂಬೋವನ್ನು ಕುರಿತವು. ಅವುಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಲಾಗಿದೆ.

ಪ್ರಶ್ನೆ: ನಾವು ಹ್ಯೂಸ್ಟನ್‌ನಲ್ಲಿದ್ದೇವೆ. ಲೂಯಿಸಿಯಾನದಿಂದ ಬಂದು ನೆಲೆಸಿರುವ ಪಕ್ಕದ ಮನೆಯವರು ಮಾರ್ಡಿ ಗ್ರಾ ಹಬ್ಬಕ್ಕೆ ದೊಡ್ಡ ಪಾತ್ರೆಯಲ್ಲಿ ಗಂಬೋ ಮಾಡುತ್ತಾರೆ. ನಾವು ಸಸ್ಯಾಹಾರಿಗಳು, ಮಗಳು ಹಾಲು ತುಪ್ಪವನ್ನೂ ಬಿಟ್ಟಿದ್ದಾಳೆ. ಮಾಂಸದ ಬದಲು ತರಕಾರಿ ಹಾಕಿ ಮಾಡಿ ನೋಡಿದೆ. ತರಕಾರಿ ಸಾರಿನ ಹಾಗೆ ತೆಳ್ಳಗಾಯಿತು, ಉಂಡ ಸ್ವಲ್ಪ ಹೊತ್ತಿಗೇ ಹಸಿವಾಯಿತು. ಅಂಗಡಿಯಲ್ಲಿ ಸಿಗುವ ಸಸ್ಯಾಹಾರಿ ಸಾಸೇಜ್ ಹಾಕಿದರೆ ಸರಿಹೋಗುತ್ತದೆಯೆ?

ಉತ್ತರ: ಸಾಸೇಜ್ ಹಾಕಲು ಅಡ್ಡಿಯಿಲ್ಲ, ಆದರೆ ನೀವು ಹೇಳಿದ ತೆಳುತನ ಅದರಿಂದ ಹೋಗುವುದಿಲ್ಲ. ಗಂಬೋದಲ್ಲಿ ಮಾಂಸದ ತುಂಡುಗಳು ಕಣ್ಣಿಗೆ ಕಾಣುತ್ತವೆ, ಆದರೆ ಅವುಗಳ ನಿಜವಾದ ಕೆಲಸ ನಡೆಯುವುದು ರಸದೊಳಗೆ. ಕೋಳಿಯ ಮೂಳೆಯಿಂದ ಇಳಿಯುವ ಜೆಲಾಟಿನ್ ರಸವನ್ನು ಮಂದವಾಗಿಸುತ್ತದೆ, ಆಂಡೂಯಿ ಎಂಬ ಅಲ್ಲಿನ ಸಾಸೇಜ್ ಹೊಗೆಯ ವಾಸನೆ ಬಿಡುತ್ತದೆ, ಅದರ ಕೊಬ್ಬು ಮಸಾಲೆಯ ಘಮವನ್ನು ಹಿಡಿದಿಡುತ್ತದೆ, ಸೀಗಡಿಯ ಚಿಪ್ಪನ್ನು ಕುದಿಸಿದ ನೀರು ನಾಲಿಗೆಯ ಮೇಲೆ ಬಹಳ ಹೊತ್ತು ನಿಲ್ಲುವ ರುಚಿಯನ್ನು ಕೊಡುತ್ತದೆ. ಮಾಂಸವನ್ನು ತೆಗೆದು ಅದೇ ಜಾಗಕ್ಕೆ ಕ್ಯಾರೆಟ್ಟು, ಬೀನ್ಸು ಹಾಕಿದಾಗ ಈ ಎಲ್ಲ ಕೆಲಸಗಳೂ ಒಟ್ಟಿಗೆ ನಿಂತುಹೋಗುತ್ತವೆ. ಆದ್ದರಿಂದ ಒಂದೊಂದಕ್ಕೂ ಬೇರೆಬೇರೆ ಬದಲಿಯನ್ನು ಹುಡುಕಬೇಕು.

ಮಂದತನಕ್ಕೆ ಕಾಳಿನ ಕಟ್ಟಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಆರು ಜನರಿಗೆ 200 ಗ್ರಾಂ ರಾಜ್ಮಾ ಅಥವಾ ಅಲಸಂದೆ ಕಾಳು ಸಾಕು. ರಾಜ್ಮಾವನ್ನು ರಾತ್ರಿಯೆಲ್ಲ ನೆನೆಸಿ, ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ ಆ ಕಟ್ಟನ್ನು ಇಟ್ಟುಕೊಳ್ಳಿ. ಅಮೆರಿಕದ ಮನೆಗಳಲ್ಲಿ ಸಾಮಾನ್ಯವಾಗಿರುವ ಸ್ಲೋ ಕುಕ್ಕರ್‌ಗೆ ಹಸಿ ರಾಜ್ಮಾವನ್ನು ನೇರವಾಗಿ ಹಾಕಬೇಡಿ. ಅದರಲ್ಲಿರುವ ಲೆಕ್ಟಿನ್ ಎಂಬ ವಿಷಾಂಶ ಕಡಿಮೆ ಶಾಖದಲ್ಲಿ ನಾಶವಾಗದೆ ವಾಂತಿ ಭೇದಿಗೆ ಕಾರಣವಾಗಬಹುದು. ಕನಿಷ್ಠ 10 ನಿಮಿಷ ಕೊತಕೊತನೆ ಕುದಿಯಲೇಬೇಕು. ಪ್ರೆಷರ್ ಕುಕ್ಕರಿನಲ್ಲಿ ಬೇಯಿಸಿದರೆ ಈ ಚಿಂತೆಯಿಲ್ಲ. ಬೆಂದ ಕಾಳಿನಲ್ಲಿ ಎರಡು ಹಿಡಿಯಷ್ಟನ್ನು ನುಣ್ಣಗೆ ಮಸೆದು ರಸಕ್ಕೆ ಬೆರೆಸಿದರೆ ಅದು ಸೌಟಿಗೆ ಅಂಟುವಷ್ಟು ಮಂದವಾಗುತ್ತದೆ. 200 ಗ್ರಾಂ ಒಣಕಾಳಿನಲ್ಲಿ ಸುಮಾರು 45 ಗ್ರಾಂ ಪ್ರೊಟೀನ್ ಇರುತ್ತದೆ, ಎಂದರೆ ತಲೆಗೆ ಏಳೆಂಟು ಗ್ರಾಂ. ಬೇಗ ಹಸಿವಾಗುತ್ತದೆಂಬ ದೂರು ಬಹುಪಾಲು ಇಲ್ಲಿಗೇ ತೀರುತ್ತದೆ, ಸಾಲದಿದ್ದರೆ ಸೋಯಾದಿಂದ ಮಾಡಿದ ತೋಫುವನ್ನೋ ಟೆಂಪೆಯನ್ನೋ ಹುರಿದು ಸೇರಿಸಬಹುದು.

ನಾಲಿಗೆಯ ಮೇಲೆ ನಿಲ್ಲುವ ರುಚಿಗೆ ಒಣಗಿದ ಶಿಟಾಕೆ ಅಣಬೆಯನ್ನು, ಒಂದು ಹಿಡಿ ಸಾಕು, ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಆ ನೀರನ್ನು ಬಳಸಿ. ಒಣ ಅಣಬೆಯಲ್ಲಿರುವ ಗ್ವಾನಿಲೇಟ್ ಅಂಶವೂ ಟೊಮೆಟೊ ಮತ್ತು ಸೋಯಾ ಸಾಸಿನಲ್ಲಿರುವ ಗ್ಲುಟಮೇಟ್ ಅಂಶವೂ ಒಂದಕ್ಕೊಂದು ಕೂಡಿದಾಗ ಪ್ರತಿಯೊಂದೂ ಬೇರೆಬೇರೆಯಾಗಿ ಕೊಡುವುದಕ್ಕಿಂತ ಎಷ್ಟೋ ಹೆಚ್ಚು ರುಚಿ ಹುಟ್ಟುತ್ತದೆ. ಹಸಿ ಅಣಬೆ 300 ಗ್ರಾಂ ತೆಗೆದುಕೊಂಡು, ಅಗಲ ಬಾಣಲೆಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ, ಉಪ್ಪು ಹಾಕದೆ, ನೀರೆಲ್ಲ ಆರಿ ಅಂಚು ಕೆಂಪಾಗುವವರೆಗೆ ಹುರಿಯಿರಿ. ಉಪ್ಪು ಮೊದಲೇ ಬಿದ್ದರೆ ಅಣಬೆ ನೀರು ಬಿಟ್ಟುಕೊಂಡು ಬೇಯುತ್ತದೆ, ಹುರಿಯುವುದಿಲ್ಲ. ಹೊಗೆಯ ವಾಸನೆಗೆ ಸ್ಮೋಕ್ಡ್ ಪ್ಯಾಪ್ರಿಕಾ, ಎಂದರೆ ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿಯ ಪುಡಿ, ಎರಡು ಚಮಚ ಸಾಕು. ಕರ್ನಾಟಕದಲ್ಲಿರುವ ಓದುಗರು ಖಾರ ಕಡಿಮೆಯಿರುವ ಬ್ಯಾಡಗಿ ಮೆಣಸಿನಕಾಯಿಯ ಪುಡಿಯನ್ನು ಬಣ್ಣಕ್ಕಾಗಿ ಬಳಸಿ, ಕೊನೆಯಲ್ಲಿ ಪಾತ್ರೆಯೊಳಗೆ ಬಟ್ಟಲಲ್ಲಿ ಕೆಂಡವಿಟ್ಟು ಎಣ್ಣೆ ಬಿಟ್ಟು ಐದು ನಿಮಿಷ ಮುಚ್ಚಿಡಬಹುದು. ಇದು ಲೂಯಿಸಿಯಾನದ ಪದ್ಧತಿಯಲ್ಲ, ಆದರೆ ಫಲ ಚೆನ್ನಾಗಿದೆ.

ಉಳಿದದ್ದು ರೂ, ಎಂದರೆ ರಸಕ್ಕೆ ಬುನಾದಿಯಾಗಿ ಎಣ್ಣೆಯಲ್ಲಿ ಕೆಂಪಗೆ ಹುರಿದ ಹಿಟ್ಟು. ಅದರ ಬಗ್ಗೆ ಮುಂದಿನ ಪ್ರಶ್ನೆಯಲ್ಲಿ ವಿವರವಾಗಿ ಬರುತ್ತದೆ. ನಿಮ್ಮ ಗಂಬೋ ತೆಳ್ಳಗಾದದ್ದಕ್ಕೆ ಅರ್ಧ ಕಾರಣ ಅದೇ ಇದ್ದೀತು.

ಪ್ರಶ್ನೆ: ರೂ ಮಾಡಲು ಹೋದಾಗಲೆಲ್ಲ ಒಂದೋ ಅದು ಬಿಳಿಯಾಗಿಯೇ ಉಳಿಯುತ್ತದೆ, ಇಲ್ಲವೆ ಕಪ್ಪು ಚುಕ್ಕೆ ಬಂದು ಕಹಿಯಾಗುತ್ತದೆ. ಎಷ್ಟು ಹೊತ್ತು ಹುರಿಯಬೇಕು? ಬೆಣ್ಣೆಯ ಬದಲು ಎಣ್ಣೆ ಹಾಕಿದರೆ ಕೆಡುತ್ತದೆಯೆ? (ಮೈಸೂರು)

ಉತ್ತರ: ಎಣ್ಣೆಯೇ ಸರಿ. ಬೆಣ್ಣೆಯಲ್ಲಿರುವ ಹಾಲಿನ ಅಂಶ ಹಿಟ್ಟು ಕೆಂಪಾಗುವ ಮೊದಲೇ ಸೀದು ಹೋಗುತ್ತದೆ, ಆದ್ದರಿಂದ ಕಡು ಬಣ್ಣದ ರೂಗೆ ಲೂಯಿಸಿಯಾನದವರೂ ಸಾಮಾನ್ಯವಾಗಿ ಎಣ್ಣೆಯನ್ನೇ ಬಳಸುತ್ತಾರೆ. ಹೀಗಾಗಿ ಈ ಅಡುಗೆಯ ಬುನಾದಿ ಮೊದಲಿನಿಂದಲೂ ಸಸ್ಯಾಹಾರಿಗಳಿಗೆ ಒಗ್ಗುವಂಥದ್ದೇ. ಸಂಸ್ಕರಿಸಿದ ಕಡಲೆಕಾಯಿ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಒಳ್ಳೆಯದು. ಗಾಣದ ಕೊಬ್ಬರಿ ಎಣ್ಣೆ ಬೇಡ, ಬೇಗ ಹೊಗೆಯಾಡುತ್ತದೆ, ತನ್ನದೇ ವಾಸನೆಯನ್ನೂ ಹೇರುತ್ತದೆ.

ಆರು ಜನರಿಗೆ ಅರ್ಧ ಬಟ್ಟಲು ಎಣ್ಣೆ, ಎಂದರೆ 120 ಮಿಲಿಲೀಟರ್, ಮತ್ತು ತುಸು ತುಂಬಿದ ಅರ್ಧ ಬಟ್ಟಲು ಮೈದಾ ಬೇಕು. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ, ಹಿಟ್ಟನ್ನು ಸ್ವಲ್ಪಸ್ವಲ್ಪವೇ ಹಾಕಿ ಗಂಟಿಲ್ಲದಂತೆ ಕಲಸಿ, ಮಧ್ಯಮಕ್ಕಿಂತ ಕಡಿಮೆ ಉರಿಯಲ್ಲಿ ಚಪ್ಪಟೆ ತುದಿಯ ಮರದ ಸಟ್ಟುಗದಿಂದ ತಳವನ್ನೂ ಮೂಲೆಗಳನ್ನೂ ಕೆರೆಯುತ್ತ ತಿರುವುತ್ತಲೇ ಇರಿ. ಮೊದಲ ಹತ್ತು ನಿಮಿಷ ಏನೂ ಆಗುತ್ತಿಲ್ಲವೆಂದು ತೋರುತ್ತದೆ, ಬೇಸತ್ತು ಉರಿ ಜೋರು ಮಾಡುವುದು ಆಗಲೇ, ಕಪ್ಪು ಚುಕ್ಕೆ ಹುಟ್ಟುವುದೂ ಆಗಲೇ. ಆಮೇಲೆ ಹಿಟ್ಟು ಗೋಧಿ ಬಣ್ಣಕ್ಕೆ ತಿರುಗಿ, ಹುರಿದ ಕಡಲೆಕಾಯಿಯ ಘಮ ಬರುತ್ತದೆ; ನಂತರ ಹಳೆಯ ತಾಮ್ರದ ಬಣ್ಣ; ಕೊನೆಗೆ ಚಾಕೊಲೇಟ್ ಬಣ್ಣ, ಆಗ ವಾಸನೆ ಕಾಫಿ ಬೀಜ ಹುರಿದ ಹಾಗೆ ಗಾಢವಾಗುತ್ತದೆ. ತಾಮ್ರದ ಬಣ್ಣಕ್ಕೆ ಸುಮಾರು 25 ನಿಮಿಷ, ಚಾಕೊಲೇಟ್ ಬಣ್ಣಕ್ಕೆ 40 ನಿಮಿಷದಷ್ಟು ಹಿಡಿಯುತ್ತದೆ. ಗಡಿಯಾರಕ್ಕಿಂತ ಮೂಗನ್ನು ನಂಬುವುದು ಮೇಲು. ಕಪ್ಪು ಚುಕ್ಕೆ ಕಂಡರೆ ಚೆಲ್ಲಿ ಹೊಸದಾಗಿ ಮಾಡಿ, ಆ ಕಹಿಯನ್ನು ಯಾವ ಮಸಾಲೆಯೂ ಮುಚ್ಚಲಾರದು.

ಒಂದು ಸಂಗತಿಯನ್ನು ಮಾತ್ರ ಗಮನಿಸಬೇಕು. ಹಿಟ್ಟು ಹೆಚ್ಚು ಹುರಿದಷ್ಟೂ ಅದರೊಳಗಿನ ಪಿಷ್ಟ ಮುರಿದು, ರಸವನ್ನು ಮಂದಗೊಳಿಸುವ ಶಕ್ತಿ ಕುಗ್ಗುತ್ತದೆ, ರುಚಿ ಏರುತ್ತದೆ. ಮಾಂಸದ ಗಂಬೋದಲ್ಲಿ ಈ ನಷ್ಟವನ್ನು ಮೂಳೆಯ ರಸ ತುಂಬಿಕೊಡುತ್ತದೆ. ಸಸ್ಯಾಹಾರಿ ಗಂಬೋದಲ್ಲಿ ಅದಕ್ಕೆ ಅವಕಾಶವಿಲ್ಲದ್ದರಿಂದ ಕಡು ಚಾಕೊಲೇಟ್ ಬಣ್ಣದವರೆಗೆ ಹೋಗದೆ ತಾಮ್ರದ ಬಣ್ಣ ದಾಟಿದ ಕೂಡಲೇ ನಿಲ್ಲಿಸುವುದು ಲೇಸೆಂದು ನನ್ನ ಅಭಿಪ್ರಾಯ. ನಿಲ್ಲಿಸುವ ಬಗೆಯೂ ಇದೆ: ಸಣ್ಣಗೆ ಹೆಚ್ಚಿದ ಎರಡು ದೊಡ್ಡ ಈರುಳ್ಳಿ, ಎರಡು ದೊಣ್ಣೆಮೆಣಸಿನಕಾಯಿ, ಮೂರು ಕಡ್ಡಿ ಸೆಲರಿಯನ್ನು ಮೊದಲೇ ಸಿದ್ಧವಾಗಿಟ್ಟುಕೊಂಡು, ಬಣ್ಣ ಬಂದ ಕ್ಷಣದಲ್ಲಿ ಸುರಿಯಿರಿ. ಅವುಗಳ ನೀರಿನಿಂದ ಶಾಖ ಇಳಿದು ಹಿಟ್ಟು ಮುಂದೆ ಕಪ್ಪಾಗುವುದಿಲ್ಲ. ಈ ಮೂರನ್ನು ಅಲ್ಲಿನವರು ಪವಿತ್ರ ತ್ರಿಮೂರ್ತಿಗಳೆಂದೇ ಕರೆಯುತ್ತಾರೆ. ಬಿಸಿ ರೂ ಮೈಮೇಲೆ ಸಿಡಿದರೆ ಅಂಟಿಕೊಂಡು ಸುಡುತ್ತದೆ, ಆದ್ದರಿಂದ ಆ ಹೊತ್ತಿನಲ್ಲಿ ಮಕ್ಕಳು ಒಲೆಯ ಹತ್ತಿರ ಇರಬಾರದು.

ತರಕಾರಿ ಮೆತ್ತಗಾದ ಮೇಲೆ ಬೆಳ್ಳುಳ್ಳಿ, ಮೆಣಸಿನಪುಡಿ, ಕಾಳುಮೆಣಸು, ಥೈಮ್, ಎರಡು ಬೇ ಎಲೆ, ಎರಡು ಟೊಮೆಟೊ ಹಾಕಿ; ಟೊಮೆಟೊ ನ್ಯೂ ಆರ್ಲಿಯನ್ಸ್‌ನ ಕ್ರಿಯೋಲ್ ಕ್ರಮ, ಗ್ರಾಮಾಂತರದ ಕೇಜನ್ ಎಂಬ ಫ್ರೆಂಚ್ ಮೂಲದ ಜನ ಗಂಬೋಗೆ ಅದನ್ನು ಸಾಮಾನ್ಯವಾಗಿ ಸೇರಿಸುವುದಿಲ್ಲ. ಥೈಮ್ ಸಿಗದಿದ್ದರೆ ಎರಡು ಚಿಟಿಕೆ ಓಮ ಹಾಕಬಹುದು, ಎರಡರ ಘಮಕ್ಕೂ ಥೈಮಾಲ್ ಎಂಬ ಒಂದೇ ಅಂಶ ಕಾರಣ. ನಮ್ಮ ಪಲಾವ್ ಎಲೆ ಮಾತ್ರ ಬೇ ಎಲೆಯಲ್ಲ. ಅದು ದಾಲ್ಚಿನ್ನಿಯ ಜಾತಿಯದು, ಗಂಬೋವನ್ನು ಪಲಾವಿನ ಕಡೆಗೆ ಎಳೆಯುತ್ತದೆ, ಬಿಟ್ಟರೂ ನಡೆಯುತ್ತದೆ. ಕಾಳಿನ ಕಟ್ಟು, ಅಣಬೆಯ ನೀರು, ತರಕಾರಿ ಬೇಯಿಸಿದ ನೀರು ಎಲ್ಲ ಸೇರಿ ಒಂದೂಮುಕ್ಕಾಲು ಲೀಟರಿನಷ್ಟನ್ನು ಬಿಸಿ ಮಾಡಿ, ಸೌಟಿನಿಂದ ಸೌಟಿಗೆ ಬೆರೆಸುತ್ತ ಹೋದರೆ ಗಂಟಾಗುವುದಿಲ್ಲ. ಸಣ್ಣ ಕುದಿಯಲ್ಲಿ 45 ನಿಮಿಷ ಬಿಟ್ಟು, ಆಮೇಲೆ ಕಾಳು, ಅಣಬೆ, ಹುರಿದ ಬೆಂಡೆ ಸೇರಿಸಿ ಇನ್ನೂ 20 ನಿಮಿಷ ಕುದಿಸಿ. ಉಪ್ಪನ್ನು ಕೊನೆಯಲ್ಲಿ ಸರಿಮಾಡಿ, ಸೋಯಾ ಸಾಸಿನಲ್ಲಿ ಆಗಲೇ ಸಾಕಷ್ಟು ಇರುತ್ತದೆ.

ಪ್ರಶ್ನೆ: ಬೆಂಡೆಕಾಯಿ ಹಾಕಿದ ಗಂಬೋ ಲೋಳೆಲೋಳೆಯಾಗಿ ಮನೆಯವರು ಮುಟ್ಟಲಿಲ್ಲ. ಬೆಂಡೆಯ ಬದಲು ಫೀಲೆ ಪುಡಿ ಹಾಕಬಹುದೆಂದು ಓದಿದೆ. ಅದು ಏನು, ಸುರಕ್ಷಿತವೆ? (ಶಿವಮೊಗ್ಗ)

ಉತ್ತರ: ಲೋಳೆ ಪೂರ್ತಿ ಹೋಗಬೇಕಾಗಿಲ್ಲ, ರಸಕ್ಕೆ ನವಿರಾದ ಮಂದತನ ಬರುವುದು ಅದರಿಂದಲೇ. ನೂಲೆಳೆಯುವ ಗುಣವನ್ನು ಮಾತ್ರ ಕಳೆಯಬೇಕು. 300 ಗ್ರಾಂ ಎಳೆಯ ಬೆಂಡೆಯನ್ನು ತೊಳೆದು, ಪೂರ್ತಿ ಒರೆಸಿ, ಬೆರಳಗಲ ಹೆಚ್ಚಿ, ಬೇರೆ ಬಾಣಲೆಯಲ್ಲಿ ಎಣ್ಣೆ ಹಾಕಿ ಮುಚ್ಚಳವಿಲ್ಲದೆ 12ರಿಂದ 15 ನಿಮಿಷ ಹುರಿಯಿರಿ. ನಡುವೆ ಒಂದು ಚಮಚ ವಿನೆಗರ್ ಚಿಮುಕಿಸಿದರೆ ನೂಲು ಬೇಗ ತುಂಡಾಗುತ್ತದೆ. ಪಲ್ಯಕ್ಕೆ ಹುಣಸೆರಸ ಬಿಡುವವರಿಗೆ ಇದು ಹೊಸದೇನಲ್ಲ. ಕಬ್ಬಿಣದ ಬಾಣಲೆ ಬೇಡ, ಬೆಂಡೆ ಕಪ್ಪಾಗುತ್ತದೆ. ಬೆಂಡೆಯನ್ನು ಅಮೆರಿಕದ ಅಡುಗೆಗೆ ತಂದವರು ಗುಲಾಮರಾಗಿ ಹಡಗೇರಬೇಕಾಗಿ ಬಂದ ಆಫ್ರಿಕನ್ನರು, ಗಂಬೋದ ಹುಟ್ಟಿಗೆ ಅವರ ಕೈಯಡುಗೆಯೇ ಮುಖ್ಯ ಕಾರಣ.

ಫೀಲೆ ಪುಡಿಯೆಂದರೆ ಸಾಸಾಫ್ರಾಸ್ ಮರದ ಒಣ ಎಲೆಯ ಪುಡಿ. ಲೂಯಿಸಿಯಾನದ ಮೂಲನಿವಾಸಿಗಳಾದ ಚಾಕ್ಟಾ ಜನರಿಂದ ಅದು ಕ್ರಿಯೋಲ್ ಅಡುಗೆಗೆ ಬಂತು. ಆ ಮರದ ಬೇರಿನ ತೊಗಟೆಯ ಎಣ್ಣೆಯಲ್ಲಿರುವ ಸಾಫ್ರೋಲ್ ಎಂಬ ಅಂಶವನ್ನು ಆಹಾರದಲ್ಲಿ ಬಳಸುವುದನ್ನು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 1960ರಲ್ಲಿ ನಿಷೇಧಿಸಿತು. ನಿಮ್ಮ ಸಂಶಯಕ್ಕೆ ಮೂಲ ಅದೇ ಇರಬೇಕು. ಎಲೆಯಲ್ಲಿ ಆ ಅಂಶ ತೀರ ಅತ್ಯಲ್ಪವಾದ್ದರಿಂದ ಫೀಲೆ ಪುಡಿ ಅಲ್ಲಿನ ಅಂಗಡಿಗಳಲ್ಲಿ ಇಂದಿಗೂ ಮಾರಾಟವಾಗುತ್ತದೆ. ಅದನ್ನು ಒಲೆಯಿಂದ ಇಳಿಸಿದ ಮೇಲೆಯೇ ಬೆರೆಸಬೇಕು, ಕುದಿಸಿದರೆ ಅದೂ ನೂಲೆಳೆಯುತ್ತದೆ. ಬೆಂಡೆ ಬೇಸಿಗೆಯ ಬೆಳೆ, ಒಣ ಪುಡಿ ಚಳಿಗಾಲದ ಆಸರೆ. ಎರಡನ್ನೂ ಒಟ್ಟಿಗೆ ಹಾಕಬಾರದೆಂಬ ಹಳೆಯ ಕಟ್ಟಳೆ ಅಲ್ಲಿ ಇರುವುದು ಹೀಗೆ. ಶಿವಮೊಗ್ಗದಲ್ಲಿ ವರ್ಷವಿಡೀ ಬೆಂಡೆ ಸಿಗುವಾಗ ಆ ಪುಡಿಗಾಗಿ ಹುಡುಕಾಡುವ ಅಗತ್ಯ ನನಗೆ ಕಾಣುವುದಿಲ್ಲ.

ಪ್ರಶ್ನೆ: ಮಾಂಸವಿಲ್ಲದ ಗಂಬೋ ಎಂಬುದು ಇತ್ತೀಚಿನವರ ಕಲ್ಪನೆಯೆ, ಅಲ್ಲಿನ ಸಂಪ್ರದಾಯದಲ್ಲೇ ಇದೆಯೆ? (ಧಾರವಾಡ)

ಉತ್ತರ: ಇದೆ. ಲೂಯಿಸಿಯಾನ ಫ್ರೆಂಚರ ಮತ್ತು ಸ್ಪೇನಿಗರ ಆಳ್ವಿಕೆಯಲ್ಲಿದ್ದು 1803ರಲ್ಲಿ ಅಮೆರಿಕಕ್ಕೆ ಸೇರಿದ ಪ್ರದೇಶ, ಅಲ್ಲಿ ಕ್ಯಾಥೊಲಿಕ್ ಆಚರಣೆಗಳ ಬೇರು ಆಳವಾಗಿದೆ. ಈಸ್ಟರಿಗೆ ಮುಂಚಿನ ಲೆಂಟ್ ವ್ರತದ ದಿನಗಳಲ್ಲಿ, ಮುಖ್ಯವಾಗಿ ಶುಭ ಶುಕ್ರವಾರದಂದು, ಮಾಂಸ ಬಿಟ್ಟವರು ಗಂಬೋ ಝೆರ್ಬ್ ಎಂಬ ಸೊಪ್ಪಿನ ಗಂಬೋ ಮಾಡಿಕೊಳ್ಳುತ್ತಿದ್ದರು. ನಮ್ಮ ಬಯಲುಸೀಮೆಯ ಬೆರಕೆಸೊಪ್ಪಿನ ಸಾರಿನಂತೆ ಇದಕ್ಕೂ ಹತ್ತಾರು ಬಗೆಯ ಸೊಪ್ಪು ಕೂಡಬೇಕು: ಸಾಸಿವೆ, ಕೊಲಾರ್ಡ್, ಟರ್ನಿಪ್, ಬೀಟ್‌ರೂಟ್, ಕ್ಯಾರೆಟ್‌ಗಳ ಸೊಪ್ಪು, ಪಾಲಕ್, ಎಲೆಕೋಸು, ಪಾರ್ಸ್ಲಿ. ಎಷ್ಟು ಬಗೆ ಹಾಕುತ್ತೀರೋ ಅಷ್ಟು ಹೊಸ ಗೆಳೆಯರು ಆ ವರ್ಷ ಸಿಗುತ್ತಾರೆಂಬ ನಂಬಿಕೆಯಿದೆ. ನ್ಯೂ ಆರ್ಲಿಯನ್ಸ್‌ನ ಟ್ರೆಮೆ ಬಡಾವಣೆಯ ಡೂಕಿ ಚೇಸ್ ಉಪಾಹಾರಗೃಹದಲ್ಲಿ ಲಿಯಾ ಚೇಸ್ (1923–2019) ಅವರು ಪ್ರತಿವರ್ಷ ಪವಿತ್ರ ಗುರುವಾರದಂದು ಬಡಿಸುತ್ತಿದ್ದ ಗಂಬೋ ಝೆರ್ಬ್ ಹೆಸರುವಾಸಿಯಾದದ್ದು. ಅವರದರಲ್ಲಿ ಹಲವು ಬಗೆಯ ಮಾಂಸವಿತ್ತು, ಶುಕ್ರವಾರದ ಉಪವಾಸಕ್ಕೆ ಮುಂಚಿನ ದಿನದ ಊಟವದು. ಹೆಸರು ನೋಡಿ ಸಸ್ಯಾಹಾರವೆಂದು ತಿಳಿಯುವಂತಿಲ್ಲ.

ಮನೆಯಲ್ಲಿ ಮಾಡುವುದಾದರೆ ಸಾಸಿವೆ, ಮೂಲಂಗಿ, ನವಿಲುಕೋಸಿನ ಸೊಪ್ಪು, ದಂಟು, ಪಾಲಕ್ ಸೇರಿ ಒಂದು ಕಿಲೋದಷ್ಟನ್ನು ಬೇಯಿಸಿ, ಬಸಿದ ನೀರನ್ನು ಎತ್ತಿಟ್ಟು, ಸೊಪ್ಪನ್ನು ಒರಟಾಗಿ ರುಬ್ಬಿ, ಮೇಲೆ ಹೇಳಿದ ರೂ ಮತ್ತು ಕಾಳಿನ ರಸಕ್ಕೆ ಕೂಡಿಸಿ. ಮೆಂತ್ಯಸೊಪ್ಪು ಒಂದು ಹಿಡಿ ಬಿದ್ದರೂ ಉಳಿದೆಲ್ಲವನ್ನೂ ಅದೇ ಆಳುತ್ತದೆ, ಬಿಡಿ. ನನ್ನ ಮಟ್ಟಿಗೆ ಸಸ್ಯಾಹಾರಿಗಳು ಮೊದಲು ಕಲಿಯಬೇಕಾದ ಗಂಬೋ ಇದೇ, ಇದರಲ್ಲಿ ಯಾವುದಕ್ಕೂ ಬದಲಿ ಹುಡುಕುವ ಪಾಡಿಲ್ಲ.

ಪ್ರಶ್ನೆ: ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಮಾಡಬಹುದೆ? (ಉಡುಪಿ)

ಉತ್ತರ: ಮಾಡಬಹುದು, ರುಚಿಯಾಗಿಯೂ ಇರುತ್ತದೆ, ಆದರೆ ಅದು ಗಂಬೋ ಆಗಿರುವುದಿಲ್ಲ. ಎಲೆಕೋಸನ್ನು ಸಣ್ಣಗೆ ಹೆಚ್ಚಿ ಕೆಂಪಗೆ ಹುರಿದು ಈರುಳ್ಳಿಯ ಸಿಹಿಯನ್ನು ಸ್ವಲ್ಪಮಟ್ಟಿಗೆ ತರಬಹುದು, ಚಿಟಿಕೆ ಇಂಗು ಸೇರಿಸಬಹುದು.

ಪ್ರಶ್ನೆ: ನ್ಯೂ ಆರ್ಲಿಯನ್ಸ್‌ಗೆ ಪ್ರವಾಸ ಹೊರಟಿದ್ದೇವೆ. ಹೋಟೆಲುಗಳಲ್ಲಿ ಏನನ್ನು ಕೇಳಿ ತಿಳಿಯಬೇಕು? (ಬೆಂಗಳೂರು)

ಉತ್ತರ: ಮಾಂಸ ಇದೆಯೆ ಎಂದು ಕೇಳಿದರೆ ಸಾಲದು, ಯಾವ ರಸದಲ್ಲಿ ಬೇಯಿಸಿದ್ದೀರಿ ಎಂದು ಕೇಳಿ. ತರಕಾರಿ ಗಂಬೋಗೂ ಕೋಳಿಯ ರಸ ಹಾಕುವುದುಂಟು. ಸೋಮವಾರದ ರೂಢಿಯ ಊಟವಾದ ಕೆಂಪು ಕಾಳು ಮತ್ತು ಅನ್ನ ನೋಡಲು ರಾಜ್ಮಾ ಅನ್ನದಂತೆಯೇ ಇದ್ದರೂ ಸಾಮಾನ್ಯವಾಗಿ ಹಂದಿಮಾಂಸದ ತುಂಡಿನೊಡನೆ ಬೆಂದಿರುತ್ತದೆ. ವೂಸ್ಟರ್ ಸಾಸಿನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನಿರುತ್ತದೆ. ಮೇಜಿನ ಮೇಲಿನ ಟಬಾಸ್ಕೊ ಬಾಟಲಿಗೆ ಹೆದರಬೇಕಾಗಿಲ್ಲ, ಏವರಿ ದ್ವೀಪದಲ್ಲಿ 1868ರಿಂದ ತಯಾರಾಗುತ್ತಿರುವ ಆ ಕೆಂಪು ಸಾಸಿನಲ್ಲಿರುವುದು ಮೆಣಸಿನಕಾಯಿ, ವಿನೆಗರ್, ಉಪ್ಪು ಮಾತ್ರ.

ಪ್ರಶ್ನೆ: ಹಿಂದಿನ ದಿನವೇ ಮಾಡಿಡಬಹುದೆ? ಯಾವ ಅಕ್ಕಿ ಒಳ್ಳೆಯದು? (ತುಮಕೂರು)

ಉತ್ತರ: ಮಾಡಿಡುವುದೇ ಉತ್ತಮ, ಮರುದಿನಕ್ಕೆ ಮಸಾಲೆ ಕಾಳಿನೊಳಕ್ಕೆ ಇಳಿದಿರುತ್ತದೆ. ಅಗಲ ಪಾತ್ರೆಗೆ ಸುರಿದು ಆರಿಸಿ ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಡಿ. ರಾತ್ರಿ ಕಳೆಯುವಷ್ಟರಲ್ಲಿ ಗಟ್ಟಿಯಾಗಿರುತ್ತದೆ, ಬಿಸಿ ಮಾಡುವಾಗ ಅರ್ಧ ಲೋಟ ಬಿಸಿನೀರು ಬೆರೆಸಿ, ಮೇಲೆ ತೇಲುವ ಎಣ್ಣೆಯನ್ನು ಬೇಕಿದ್ದರೆ ಚಮಚದಿಂದ ತೆಗೆಯಿರಿ. ಸೋನಾ ಮಸೂರಿ ಚೆನ್ನಾಗಿ ಹೊಂದುತ್ತದೆ, ಬಾಸ್ಮತಿಯ ಸುವಾಸನೆ ರೂವಿನ ಘಮಕ್ಕೆ ಅಡ್ಡ ಬರುತ್ತದೆ. ಅನ್ನವನ್ನು ಉದುರುದುರಾಗಿ ಬೇರೆಯೇ ಮಾಡಿ, ಬಡಿಸುವಾಗ ಬಟ್ಟಲಿನ ನಡುವೆ ಒಂದು ಸೌಟು ಹಾಕಿ ಸುತ್ತಲೂ ಗಂಬೋ ಸುರಿದು ಈರುಳ್ಳಿ ಹೂವನ್ನು ಹೆಚ್ಚಿ ಉದುರಿಸಿ. ಪಾತ್ರೆಯಲ್ಲಿಯೇ ಅನ್ನ ಕಲಸಿಟ್ಟರೆ ಅದು ರಸವನ್ನೆಲ್ಲ ಹೀರಿಕೊಂಡು ಮರುದಿನಕ್ಕೆ ಮುದ್ದೆಯಾಗಿ ಕೂತಿರುತ್ತದೆ.